ಬೆಳಿಗ್ಗೆ 11.9: ಬ್ಯಾಟರಿ ಸತ್ತಿತೇ?

ಪ್ರಶ್ನೆ: ಹಳೆಯ ಟೆಂಪೊ ಟ್ರಾವೆಲರ್‌ನಲ್ಲಿ ಮಂಚ, ಪುಟ್ಟ ಅಡುಗೆಕಟ್ಟೆ ಮಾಡಿಸಿಕೊಂಡು ನಾನೂ ಹೆಂಡತಿಯೂ ತಿರುಗುತ್ತೇವೆ. 150 ಎ.ಎಚ್. (ಆ್ಯಂಪಿಯರ್-ಅವರ್) ಟ್ಯೂಬುಲರ್ ಸೀಸದ ಬ್ಯಾಟರಿ, ಮೇಲೆ 200 ವಾಟ್ ಸೋಲಾರ್ ಇದೆ. ಹೊನ್ನಾವರದ ಕಾಸರಕೋಡಿನಲ್ಲಿ ಗಾಳಿಮರದ ನೆರಳಿಗೆ ನಿಲ್ಲಿಸಿ ಎರಡು ರಾತ್ರಿ ಉಳಿದೆವು. ಕರೆಂಟ್ ಎಲ್ಲಿಂದಲೂ ತೆಗೆದುಕೊಳ್ಳಲಿಲ್ಲ. ಎಂಜಿನ್ ಬಂದ್ ಮಾಡುವ ಮುಂಚೆ ಮೀಟರ್ 14.1 ವೋಲ್ಟ್ ಇತ್ತು, ಚಾರ್ಜ್ ತೋರಿಸುವ ನಾಲ್ಕೂ ದೀಪ ಹಸಿರು. ಬೆಳಿಗ್ಗೆ ನೋಡಿದರೆ 11.9! ಎರಡನೇ ರಾತ್ರಿ ಫ್ರಿಜ್ಜೇ ನಿಂತಿತು. ಅಂಗಡಿಯವರು ಬ್ಯಾಟರಿ ಬದಲಿಸಿ ಎನ್ನುತ್ತಾರೆ.
— ಓದುಗರು, ಅಂಕೋಲಾ

ಉತ್ತರ: ತಡೆಯಿರಿ, ದುಡ್ಡು ಬಿಚ್ಚಬೇಡಿ. ನೀವು ನೋಡಿದ ಎರಡು ಅಂಕಿಗಳಲ್ಲಿ ಒಂದೂ ನಂಬುವಂಥದ್ದಲ್ಲ. 14.1 ಎಂಬುದು ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಬ್ಯಾಟರಿ ಚಾರ್ಜ್ ಮಾಡುವ ಡೈನಮೊ) ತಳ್ಳುತ್ತಿದ್ದ ವೋಲ್ಟೇಜು. ಉಕ್ಕುವ ಹಾಲು ನೋಡಿ ಪಾತ್ರೆ ತುಂಬಿದೆ ಅಂದ ಹಾಗಾಯಿತು. 11.9 ಎಂಬುದು ಫ್ರಿಜ್ಜು, ಫ್ಯಾನು ಎಳೆಯುತ್ತಿರುವಾಗ ಕಂಡದ್ದು. ಲೋಡ್ ತೆಗೆದರೆ ಸ್ವಲ್ಪ ಮೇಲೇರುತ್ತದೆ.

ಬ್ಯಾಟರಿ ನಿಜ ಹೇಳುವುದು ಸುಮ್ಮನೆ ಮಲಗಿದಾಗ. ಚಾರ್ಜೂ ಇಲ್ಲ, ಲೋಡೂ ಇಲ್ಲ, ಹಾಗೆ ಮೂರ್ನಾಲ್ಕು ತಾಸು ಬಿಟ್ಟು ಅಳೆದರೆ 12.6-12.7 ಎಂದರೆ ತುಂಬಿದೆ, 12.1ರ ಹತ್ತಿರ ಅರ್ಧ, 11.8 ಎಂದರೆ ಹೆಚ್ಚುಕಡಿಮೆ ಖಾಲಿ. ಗಮನಿಸಿ, ತುಂಬಿದ್ದಕ್ಕೂ ಖಾಲಿಗೂ ನಡುವೆ ಪೂರ್ತಿ ಒಂದು ವೋಲ್ಟೂ ಇಲ್ಲ. ಆ ನಾಲ್ಕು ಹಸಿರು ದೀಪ ಇದನ್ನೇನು ಹೇಳೀತು? ನಾನಾದರೆ ಅದರ ಮೇಲೆ ಟೇಪ್ ಅಂಟಿಸುತ್ತೇನೆ. ಫ್ರಿಜ್ ಅಷ್ಟು ಹೊತ್ತು ಬಂದ್ ಮಾಡಿದರೆ ಬಂಗಡೆ ಕೆಡುತ್ತದೆ ಎನ್ನುತ್ತೀರಿ. ಸರಿ, ನಸುಕಿನಲ್ಲಿ ಪ್ಯಾನೆಲ್‌ಗೆ ಬಿಸಿಲು ತಾಗುವ ಮುಂಚೆ ಒಂದು ತಾಸು ಮಾತ್ರ ಬಂದ್ ಮಾಡಿ ನೋಡಿ. ಅಂದಾಜಿಗೆ ಸಾಕು.

ಅದಕ್ಕಿಂತ ಒಳ್ಳೆಯದು ಖರ್ಚಿನ ಲೆಕ್ಕ ಇಡುವುದು. 150 ಎ.ಎಚ್. ಅನ್ನು 12 ವೋಲ್ಟಿನಿಂದ ಗುಣಿಸಿದರೆ 1800 ವಾಟ್-ಅವರ್. ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಉಳಿದದ್ದು 900. ಈಗ ಖರ್ಚು: 45 ವಾಟಿನ ಫ್ರಿಜ್ ಅರ್ಧ ಹೊತ್ತು ಓಡಿದರೂ ದಿನಕ್ಕೆ 540, ಫ್ಯಾನು ರಾತ್ರಿಯಿಡೀ 225, ದೀಪ-ಮೊಬೈಲಿಗೆ ಇನ್ನೊಂದು 70. ಇನ್ವರ್ಟರ್‌ನಲ್ಲಿ ಚಟ್ನಿ ರುಬ್ಬಿದರೆ ಮೀಟರ್ ಧೊಪ್ಪನೆ ಬೀಳುತ್ತದೆ, ಹೆದರಬೇಡಿ. ಮೂರು ನಿಮಿಷದ ಮಿಕ್ಸಿಗೆ 25 ಸಾಕು. ಒಟ್ಟು 860. ನಿಮ್ಮ ಬ್ಯಾಟರಿ ಒಂದು ದಿನದ್ದು, ಎರಡು ದಿನದ್ದಲ್ಲ! 200 ವಾಟ್ ಪ್ಯಾನೆಲ್ ಬೇಸಿಗೆಯ ಬಯಲು ಬಿಸಿಲಲ್ಲಿ ದಿನಕ್ಕೆ 700ರ ಆಸುಪಾಸು ತುಂಬೀತು. ಆದರೆ ಗಾಳಿಮರದ ಗೆರೆಗೆರೆ ನೆರಳು ಪ್ಯಾನೆಲಿನ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಕುಸಿಯುತ್ತದೆ. ಮಳೆಗಾಲದ ಕರಾವಳಿಯಲ್ಲಂತೂ ಸೋಲಾರ್ ನಂಬಿ ಹೊರಡಲೇಬೇಡಿ. ಗಾಡಿ ಒಂದೆರಡು ತಾಸು ಓಡಿಸಿದರೂ ಪೂರ್ತಿ ತುಂಬದು, ಕೊನೆಯ ಕಾಲುಭಾಗ ಬಹಳ ನಿಧಾನ.

ಬದಲಿಸಬೇಕೋ ಬೇಡವೋ ಎಂಬುದಕ್ಕೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತನ್ನಿ. ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ, ತಣಿಯಲು ಬಿಟ್ಟು, ಆರೂ ಮುಚ್ಚಳ ತೆಗೆದು ಒಂದೊಂದರಿಂದ ಆಸಿಡ್ ಮೇಲೆಳೆದು ತೇಲುಗೋಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ. ಆರೂ 1240ರ ಆಚೀಚೆ ಇದ್ದರೆ ಬ್ಯಾಟರಿ ಗಟ್ಟಿ. ಐದು ಸರಿಯಿದ್ದು ಒಂದು ಮಾತ್ರ 1180 ತೋರಿಸಿದರೆ ಅಂಗಡಿಯವರ ಮಾತೇ ಸರಿ. ನೀರು ಹಾಕಿದ ಕೂಡಲೇ ಅಳೆಯಬೇಡಿ, ಅದು ಬೆರೆಯಬೇಕು. ಹಳೆಯ ಬಟ್ಟೆ ಉಡಿ. ಶಿರಸಿಯ ನನ್ನ ಅಂಗಡಿಯಲ್ಲಿ ಒಂದೇ ಹನಿ ಬಿದ್ದ ಬಿಳಿ ಪಂಚೆ ಒಗೆತದಿಂದ ಬರುವಾಗ ಜರಡಿಯಾಗಿತ್ತು.

ಪ್ರಶ್ನೆ: ಮಗ ವ್ಯಾನಿಗೆ ಲಿಥಿಯಂ ಬ್ಯಾಟರಿ ಹಾಕಿಸಿದ್ದಾನೆ. ಯಾವಾಗ ನೋಡಿದರೂ 13.2. ಖಾಲಿಯೇ ಆಗುವುದಿಲ್ಲವೇ?
— ಓದುಗರು, ಸಿದ್ದಾಪುರ

ಉತ್ತರ: ಆಗುತ್ತದೆ, ಹೇಳದೆ ಕೇಳದೆ. ಲಿಥಿಯಂ ಐರನ್ ಫಾಸ್ಫೇಟಿನ ವೋಲ್ಟೇಜು ಬಹುಪಾಲು ಒಂದೇ ಮಟ್ಟದಲ್ಲಿರುತ್ತದೆ, ಕೊನೆಗೆ ಕಲ್ಲು ಬಿದ್ದಂತೆ ಬೀಳುತ್ತದೆ, ಒಳಗಿನ ಬಿ.ಎಂ.ಎಸ್. (ಬ್ಯಾಟರಿ ಕಾಯುವ ಸರ್ಕ್ಯೂಟ್) ಟಕ್ ಎಂದು ಕರೆಂಟ್ ಕಡಿದುಹಾಕುತ್ತದೆ. ಇದಕ್ಕೆ ಶಂಟ್ (ಹರಿಯುವ ಕರೆಂಟ್ ಅಳೆಯಲು ವೈರಿನ ನಡುವೆ ಕೂರಿಸುವ ತುಂಡು) ಇರುವ ಮೀಟರ್ ಬೇಕು. ಹೋದ ಬಂದ ಆ್ಯಂಪಿಯರ್ ಎಣಿಸುವಂಥದ್ದು. ನೆಗೆಟಿವ್ ವೈರುಗಳೆಲ್ಲ ಅದರ ಮೂಲಕವೇ ಹೋಗಬೇಕು. ಗಾಡಿಯ ಲೋಹದ ಮೈಗೆ ಒಂದು ವೈರು ನೇರ ಕೊಟ್ಟಿದ್ದರೂ ಲೆಕ್ಕ ತಪ್ಪುತ್ತದೆ. ಮಗನಿಗೆ ಮೊದಲು ಅದನ್ನೇ ನೋಡಲು ಹೇಳಿ.