ಮಗುವಿನ ಖರ್ಚು ಅಮ್ಮನ ಸಂಬಳದಲ್ಲೇ ಯಾಕೆ?

ಪ್ರಶ್ನೆ: ಕಲಬುರಗಿಯಲ್ಲಿ ಖಾಸಗಿ ಕೆಲಸ, ಕೈಗೆ 32 ಸಾವಿರ ಬರುತ್ತದೆ. ಹೆಂಡತಿಗೆ ಖಾಸಗಿ ಶಾಲೆಯಲ್ಲಿ 14 ಸಾವಿರದ ಕೆಲಸ ಸಿಕ್ಕಿದೆ. ಎರಡು ವರ್ಷದ ಮಗುವನ್ನು ನೋಡಿಕೊಳ್ಳುವವರಿಗೇ 5 ಸಾವಿರ ಕೊಡಬೇಕು. ಏನೂ ಉಳಿಯಲ್ಲ, ಮನೆಯಲ್ಲೇ ಇರಲಿ ಅನ್ನುತ್ತಿದ್ದೇನೆ. ಸರಿ ಅಲ್ವಾ?

ಸರಿಯಲ್ಲ. ಈ ತಿಂಗಳು ಇದೇ ಪ್ರಶ್ನೆ ನಾಲ್ಕನೇ ಸಲ ಬಂದಿದೆ. ಕೇಳಿದವರೆಲ್ಲ ಗಂಡಂದಿರು. ಎಲ್ಲರೂ ಮಗುವಿನ ಖರ್ಚನ್ನು ಹೆಂಡತಿಯ ಸಂಬಳದಲ್ಲೇ ಕಳೆದಿದ್ದಾರೆ. ಮಗು ಇಬ್ಬರದೂ ಅಲ್ವಾ?

ಹೋಗಲಿ, ನಿಮ್ಮ ಲೆಕ್ಕವನ್ನೇ ಹಿಡಿಯೋಣ. ಶಾಲೆಯವರು ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಟ್ಟುತ್ತಾರಾ ಎಂದು ಮೊದಲು ಕೇಳಿ. ಪೂರ್ತಿ 14 ಸಾವಿರಕ್ಕೆ ಕಟ್ಟಿದರೆ ಪಿಎಫ್‌ಗೆ 1,680, ಇಎಸ್‌ಐಗೆ 105 ಹೋಗುತ್ತದೆ. ಕೈಗೆ 12,215. ಮಗುವಿಗೆ 5 ಸಾವಿರ. ಸಿಟಿ ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ. ಆಟೊ, ಬಟ್ಟೆಗೆ 1,500 ಹಿಡಿಯಿರಿ. 5,715 ಉಳಿಯಿತು. ಶಾಲೆಯೂ 1,680 ಹಾಕಬೇಕು. ಅದರಲ್ಲಿ 1,166 ಪಿಂಚಣಿಗೆ, ಉಳಿದ 514 ಪಿಎಫ್‌ಗೆ. ಅಂದರೆ ನಿಮ್ಮ ಹೆಂಡತಿಯ ಪಿಎಫ್ ಖಾತೆಗೆ ತಿಂಗಳಿಗೆ 2,194 ಸೇರುತ್ತದೆ. ಸಂಬಳ 21 ಸಾವಿರ ದಾಟಿದ ನಿಮಗೆ ಇಎಸ್‌ಐ ಸಿಗಲ್ಲ. ಅವರ ಹೆಸರಲ್ಲಿ ಸಿಕ್ಕರೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆ ನಿಮಗೂ ಮಗುವಿಗೂ ಆಗುತ್ತದೆ. ಏನೂ ಉಳಿಯಲ್ಲ ಅಂದಿರಲ್ಲ?

ಮಗು ಶಾಲೆಗೆ ಹೋಗಲು ಶುರು ಮಾಡಿದರೆ ಆ 5 ಸಾವಿರವೂ ಇಳಿಯುತ್ತದೆ. ಆದರೆ ಐದು ವರ್ಷ ಮನೆಯಲ್ಲಿ ಕೂತವರಿಗೆ ಮತ್ತೆ ಇದೇ ಸಂಬಳ ಸಿಗುವುದು ಕಷ್ಟ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಇನ್ನೊಂದು ಮಾತು. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷ ದುಡಿದರೆ ಗಂಡಸರು 88 ನಿಮಿಷ. ಶಾಲೆಯಿಂದ ಬಂದ ಮೇಲೂ ಎಲ್ಲ ಅವರ ತಲೆಗೇ ಬಿದ್ದರೆ ಆರು ತಿಂಗಳಲ್ಲಿ ಕೆಲಸ ಬಿಡುತ್ತಾರೆ. ರೊಟ್ಟಿ ಬಡಿಯುವುದನ್ನು ನೀವೂ ಕಲಿಯಿರಿ. ಆಗದಿದ್ದರೆ ಕೊಂಡು ತನ್ನಿ.

ಆದರೆ ಎರಡು ಸಂಬಳ ನಂಬಿ ದೊಡ್ಡ ಸಾಲಕ್ಕೆ ಕೈ ಹಾಕಬೇಡಿ. ನನ್ನ ತಮ್ಮನ ಮನೆಯಲ್ಲಿ ಹಾಗೆ ಮಾಡಿದ್ದರು. ಹೆರಿಗೆ ಆದ ಮೇಲೆ ಒಂದು ಸಂಬಳ ನಿಂತಿತು, ಬಂಗಾರ ಒತ್ತೆ ಇಟ್ಟು ಕಂತು ಕಟ್ಟಿದರು. ಅವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ: ಕಂತು ಒಬ್ಬರ ಸಂಬಳದಲ್ಲೇ ಮುಗಿಯಬೇಕು.

ಮತ್ತೆ, ನಿಮ್ಮ ಹೆಂಡತಿಗೆ ಏನು ಬೇಕು ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಮೊದಲು ಅವರನ್ನು ಕೇಳಿ.

ಪ್ರಶ್ನೆ (ಹುಮನಾಬಾದ್): ಕೆಲಸಕ್ಕೆ ಸೇರಿದರೆ ಗೃಹಲಕ್ಷ್ಮಿಯ 2,000 ನಿಲ್ಲುತ್ತದಾ?

ಸುಮ್ನೆ ಹೆದರಬೇಡಿ. ನೀವಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟಿದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸಿದರೆ ನಿಲ್ಲುತ್ತದೆ, ಸಂಬಳ ಬಂತೆಂದು ಅಲ್ಲ.

ಪ್ರಶ್ನೆ (ಯಾದಗಿರಿ): ಹೆಂಡತಿ ಹೆಸರಲ್ಲಿ ಎಫ್‌ಡಿ ಇಟ್ಟರೆ ತೆರಿಗೆ ಇಲ್ಲವಂತೆ?

ಸುಳ್ಳು. ನೀವು ಕೊಟ್ಟ ಹಣದ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ.

ಪ್ರಶ್ನೆ (ಶಹಾಪುರ): ಹೆಂಡತಿಯ ಸಂಬಳ ಕೊಟ್ಟರೆ ತಿಂಗಳಿಗೆ ಶೇ 5 ಬಡ್ಡಿ ಕೊಡುತ್ತೇನೆ ಅನ್ನುತ್ತಾನೆ ಒಬ್ಬ ಏಜೆಂಟ್. ನಂಬಬಹುದಾ?

ಅವನು ಮೋಸಗಾರ. ಒಂದು ರೂಪಾಯಿಯನ್ನೂ ಕೊಡಬೇಡಿ.