ಸಲ್ಫಾಸಲಜೀನ್ ಮಾತ್ರೆ ಮತ್ತು ಅರಿಶಿನದ ಗುಳಿಗೆ
ವೀರ್ಯಾಣು ಸಂಖ್ಯೆ ಇಳಿದಿದೆ, ಅರಿಶಿನದ ಗುಳಿಗೆ ನುಂಗಬಹುದೇ ಎಂದು ಕೇಳಿದ್ದೀರಿ. ಕರುಳಿನ ಹುಣ್ಣಿಗೆ ನೀವು ನುಂಗುತ್ತಿರುವ ಸಲ್ಫಾಸಲಜೀನ್ ಮಾತ್ರೆಯಿಂದಲೇ ವೀರ್ಯಾಣು ಸಂಖ್ಯೆ ಇಳಿದಿರಬಹುದು. ಇದು ಆ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ. ಬಿಟ್ಟರೆ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಆದರೆ ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ, ರಕ್ತಭೇದಿ ಮರುಕಳಿಸೀತು. ಬದಿಯಡ್ಕದಿಂದ ಮಂಗಳೂರಿಗೆ ಮುಂದಿನ ತಪಾಸಣೆಗೆ ಹೋದಾಗ, ಅದೇ ಕಾಯಿಲೆಯ ಇನ್ನೊಂದು ಔಷಧಿಯಾದ ಮೆಸಲಮೀನ್‌ಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ. ಬದಲಾಯಿಸಿ ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ. ವೀರ್ಯಾಣು ಹುಟ್ಟಿ ಬಲಿಯಲು ಸುಮಾರು 74 ದಿನ ಬೇಕು, ಅದಕ್ಕೂ ಮೊದಲಿನ ವರದಿ ನೋಡಿ ಕಂಗೆಡಬೇಡಿ.

ನೀವು ಕೇಳಿದ ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್ ಎಂಬ ಅಂಶಗಳು ಇಂಥ ಔಷಧಿ ಹಾನಿಯನ್ನು ತಗ್ಗಿಸಿದ್ದು ಹೆಚ್ಚಾಗಿ ಇಲಿಗಳಲ್ಲಿ. ಅಡುಗೆಯಲ್ಲಿ ಧಾರಾಳವಾಗಿ ಬಳಸಿ, ಗುಳಿಗೆಯಾಗಿ ಬೇಡ. ಅಶ್ವಗಂಧವಂತೂ ವೈದ್ಯರನ್ನು ಕೇಳದೆ ಮುಟ್ಟಬೇಡಿ: ಕೆಲವರ ಯಕೃತ್ತಿಗೆ ಪೆಟ್ಟಾದದ್ದು ವರದಿಯಾಗಿದೆ, ನಿಮ್ಮ ಮಾತ್ರೆಯಿಂದಲೂ ಅಪರೂಪಕ್ಕೆ ಅದೇ ಆಗುತ್ತದೆ. ಮಾತ್ರೆ ಬದಲಾಯಿಸಿ ಆರು ತಿಂಗಳಾದರೂ ವೀರ್ಯಾಣು ಸಂಖ್ಯೆ ಏರದಿದ್ದರೆ ಯುರಾಲಜಿಸ್ಟ್ (ಮೂತ್ರಾಂಗ ಮತ್ತು ಪುರುಷ ಜನನಾಂಗ ತಜ್ಞ) ಬಳಿ ಬೇರೆ ಕಾರಣ ಹುಡುಕಿಸಿ.