ಅಜ್ಜಿ ಪಕ್ಕದ ಅರ್ಧ ಗಂಟೆ

ತಿಪಟೂರು ಹತ್ತಿರದ ಹಳ್ಳಿಯಿಂದ ತಾಯಿಯೊಬ್ಬರು ಬರೆದ ಪತ್ರ ಈ ವಾರವೆಲ್ಲ ನನ್ನ ತಲೆಯಲ್ಲೇ ಇತ್ತು. ಮಗನಿಗೆ ಎಂಟು ವರ್ಷ, ಇಂಗ್ಲಿಷ್ ಮೀಡಿಯಂನಲ್ಲಿ ಮೂರನೇ ಕ್ಲಾಸು. ಎರಡು ಸಾವಿರ ರೂಪಾಯಿ ಕೊಟ್ಟು ಇಂಗ್ಲಿಷ್ ಕಥೆಪುಸ್ತಕ ತಂದಿದ್ದಾರೆ. ಒಂದನ್ನೂ ಅವನು ಪೂರ್ತಿ ಓದಿಲ್ಲ. ಭಾವನ ಮಗಳು ದಪ್ಪ ದಪ್ಪ ಪುಸ್ತಕ ಓದಿ ಮುಗಿಸುತ್ತಾಳಂತೆ. ‘ಇವನಿಗೆ ಓದಿನ ರುಚಿ ಹತ್ತಿಸೋದು ಹೇಗೆ?’ ಅಂತ ಕೇಳಿದ್ದಾರೆ.

ಪತ್ರದ ಕೊನೆಯಲ್ಲಿ ಒಂದು ಮಾತು ಹೀಗಿದೆ: ‘ನಮ್ಮತ್ತೆಗೆ ಕಣ್ಣು ಮಂಜು. ಸಂಜೆ ಪೇಪರ್ ಓದಿ ಹೇಳು ಅಂತ ಕರೀತಾರೆ. ಒಂದೊಂದು ಒತ್ತಕ್ಷರಕ್ಕೂ ನಿಂತು ನಿಂತು ಓದ್ತಾನೆ, ಅವರು ಸುಮ್ನೆ ಕಾಯ್ತಾ ಕೂತಿರ್ತಾರೆ. ಅರ್ಧ ಗಂಟೆ ಅಲ್ಲೇ ಹಾಳು.’

ಹಾಳಲ್ಲ ತಂಗಿ! ನಿಮ್ಮ ಮನೆಯಲ್ಲಿ ಓದು ನಡೆಯುತ್ತಿರುವುದೇ ಆ ಅರ್ಧ ಗಂಟೆಯಲ್ಲಿ. ‘ಸ್ವಾತಂತ್ರ್ಯ’ ಅನ್ನುವ ಪದ ಎದುರಾದಾಗ ಆ ಮಗುವಿನ ಬೆರಳು ‘ತಂ’ ಮೇಲೆ ನಿಂತಿರುತ್ತದೆ. ಮುಂದಿನ ಅಕ್ಷರದಲ್ಲಿ ತ, ರ, ಯ ಮೂರೂ ಒಂದರ ಮೇಲೊಂದು ಕೂತಿವೆ. ಅವನು ಒಂದೊಂದನ್ನೇ ಬಿಡಿಸಿ ಬಾಯಿಗೆ ತರುವವರೆಗೆ ನಿಮ್ಮತ್ತೆ ತಾಳ್ಮೆಯಿಂದ ಕಾಯುತ್ತಾರೆ. ‘ಬೇಗ ಓದು’ ಅನ್ನುವುದಿಲ್ಲ, ತಾವೇ ಹೇಳಿಬಿಡುವುದೂ ಇಲ್ಲ. ಊರಿನ ಸುದ್ದಿ ಅವರಿಗೆ ನಿಜವಾಗಲೂ ಬೇಕು, ಅದು ಸಿಗುವುದು ಇವನ ಬಾಯಿಂದ ಮಾತ್ರ. ಮಕ್ಕಳು ಓದುವುದು ತಮ್ಮ ಓದು ಒಬ್ಬರಿಗೆ ಬೇಕು ಅಂತ ಗೊತ್ತಾದಾಗ. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ.

ಕನ್ನಡ ಓದಿದರೆ ಇಂಗ್ಲಿಷ್ ಹಿಂದೆ ಬೀಳುತ್ತದೆ ಅನ್ನುವ ನಿಮ್ಮ ಭಯ ಬಿಡಿ. ಕನ್ನಡದಲ್ಲಿ ಬರೆದ ಹಾಗೆ ಓದಬಹುದು. ಇಂಗ್ಲಿಷಿನ ಕಾಫ್, ಥ್ರೂ ಎರಡೂ ಪದಗಳ ಕೊನೆಯಲ್ಲಿರುವುದು ಅವೇ ನಾಲ್ಕು ಅಕ್ಷರ, ಸದ್ದು ಮಾತ್ರ ಬೇರೆ ಬೇರೆ. ಮನೆಮಾತಿನಲ್ಲಿ ಓದಿ ಧೈರ್ಯ ಬಂದ ಮಗು ಆ ತೊಡಕನ್ನೂ ದಾಟುತ್ತದೆ.

ನನಗೆ ಸಿಟ್ಟು ಬಂದಿರುವುದು ಟ್ಯೂಷನ್ ಮಿಸ್ ಮೇಲೆ. ಕಥೆಪುಸ್ತಕದ ಪ್ರತಿ ಪುಟಕ್ಕೂ ಐದು ಕಷ್ಟದ ಪದ ಹುಡುಕಿ, ಅರ್ಥ ಸಮೇತ ನೋಟ್‌ಬುಕ್‌ನಲ್ಲಿ ಬರೆಯಬೇಕಂತೆ! ಹದಿನಾರು ಪುಟದ ಕಥೆಗೆ ಎಂಬತ್ತು ಪದ. ಹುಲಿ ಪೊದೆಯಿಂದ ಹೊರಗೆ ಬರುವ ಹೊತ್ತಿಗೆ ಮಗು ಪೆನ್ಸಿಲ್ ಚೂಪು ಮಾಡುತ್ತಾ ಕೂತಿರಬೇಕು. ನೀವು ತಂದ ಪುಸ್ತಕಗಳು ಅವನಿಗೆ ಬೇಡವಾಗಿದ್ದು ಇದರಿಂದಲೇ. ನೀವು ಆಸೆಪಟ್ಟು ತಂದಿರಿ, ನಿಮ್ಮದೇನೂ ತಪ್ಪಿಲ್ಲ. ಭಾವನ ಮಗಳ ವಿಷಯ ಇನ್ನು ಮನೆಯಲ್ಲಿ ಎತ್ತಬೇಡಿ.

ಪುಸ್ತಕಕ್ಕೆ ಮತ್ತೆ ದುಡ್ಡು ಹಾಕುವುದೂ ಬೇಡ. ರಾಜ್ಯ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ 2020ರಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಅವನನ್ನೇ ಕರೆದುಕೊಂಡು ಹೋಗಿ, ಅಜ್ಜಿಗೆ ಓದಿ ಹೇಳಲು ಒಂದು ಪುಸ್ತಕ ಅವನೇ ಆರಿಸಲಿ. ಫೋನಿನಲ್ಲಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಅನ್ನುವ ಜಾಲತಾಣ ಇದೆ. ಅಲ್ಲಿನ ಕನ್ನಡ ಕಥೆಗಳಿಗೂ ದುಡ್ಡು ಕೊಡಬೇಕಿಲ್ಲ.

ಅದೆಲ್ಲ ನಿಧಾನವಾಗಿ ಆಗಲಿ. ಇವತ್ತು ಮಾಡಬೇಕಾದ್ದು ಒಂದೇ. ಆ ಪದಗಳ ನೋಟ್‌ಬುಕ್ ಎತ್ತಿ ಅಟ್ಟದ ಮೇಲೆ ಹಾಕಿ. ಸಂಜೆ ಅತ್ತೆ ಪೇಪರ್ ಹಿಡಿದು ಅವನನ್ನು ಕರೆದಾಗ ಅವರ ಪಕ್ಕದಲ್ಲೇ ಹುರುಳಿಕಾಯಿ ಬಿಡಿಸುತ್ತಾ ಕೂತು ಕೇಳಿ. ಅವನು ಒತ್ತಕ್ಷರಕ್ಕೆ ನಿಂತರೆ ನೀವೂ ಕಾಯಿರಿ.